ಪದದ ಬೇರು ಹುಡುಕುವವರಿಗೆ ಒಳ್ಳೆಯ ತಾಣ: ‘ಇಂಟರ್‌ವೀನ್’ ಇಟ್ಟುಕೊಂಡು ಮಾಡಿದ ಪರೀಕ್ಷೆ

ಇಂಗ್ಲಿಷ್ ಪದಗಳ ಹುಟ್ಟು ನೋಡೋಕೆ ಒಂದೇ ಒಂದು ಜಾಗ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ. ಅಮೆರಿಕದ ಡಗ್ಲಸ್ ಹಾರ್ಪರ್ ಕಟ್ಟಿದ ತಾಣ ಇದು. ನೋಡಲು ದುಡ್ಡು ಕೊಡಬೇಕಿಲ್ಲ. ಮುಂಬೈಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಈ ಮೂರರ ನಡುವೆ ಕಾಗದಪತ್ರ ಅನುವಾದ ಮಾಡುವುದು ನನ್ನ ಕೆಲಸ, ಹಾಗಾಗಿ ಕೋರ್ಟು, ಬ್ಯಾಂಕು, ಸೊಸೈಟಿ, ಆಸ್ಪತ್ರೆ ಎಲ್ಲದರ ಇಂಗ್ಲಿಷೂ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ ಅಂದಿನ ತಲೆನೋವಿನ ಪದ ಯಾವುದೋ ಅದನ್ನು ಮೊಬೈಲಿನಲ್ಲಿ ಇಲ್ಲೇ ತೆಗೆದು ನೋಡುತ್ತೇನೆ.

ನಿಘಂಟು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ರಾಶಿ ಪದ ಹುಡುಕಬೇಕಾಗಿಲ್ಲ. ಕೆಲಸದಲ್ಲಿ ನಿಜಕ್ಕೂ ಕಾಡಿದ ಒಂದು ಪದ ಸಾಕು. ನನ್ನನ್ನು ಕಾಡಿದ್ದು ‘ಇಂಟರ್‌ವೀನ್’.

ಮೇಲ್ನೋಟಕ್ಕೆ ಇದೇನು ಕಷ್ಟದ ಪದವಲ್ಲ. ಆದರೆ ಬೆಳಗಿನ ಇಂಗ್ಲಿಷ್ ಪೇಪರ್ ತೆಗೆದು ನೋಡಿ. ರೂಪಾಯಿ ಬೆಲೆ ಜೋರಾಗಿ ಏರಿಳಿದಾಗ ಇಲ್ಲೇ ಫೋರ್ಟ್‌ನಲ್ಲಿರುವ ರಿಸರ್ವ್ ಬ್ಯಾಂಕ್ ಡಾಲರ್ ಮಾರಿದರೆ ಅಥವಾ ಕೊಂಡರೆ ಅದು ಇಂಟರ್‌ವೀನ್. ಗಲಾಟೆ ಬಿಡಿಸಲು ಪೊಲೀಸರು ಬಂದರೆ ಅದೂ ಇಂಟರ್‌ವೀನ್. ಒಂದು ದೇಶ ಇನ್ನೊಂದು ದೇಶಕ್ಕೆ ಸೈನ್ಯ ಕಳಿಸಿದರೂ ಅದೇ. ಕೈಯ ಅಥವಾ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಹೃದಯದ ಬ್ಲಾಕ್ ತೆಗೆಯುವ ಡಾಕ್ಟರು ‘ಇಂಟರ್‌ವೆನ್ಷನಲ್’ ಕಾರ್ಡಿಯಾಲಜಿಸ್ಟ್. ಎರಡು ಘಟನೆಗಳ ಮಧ್ಯೆ ಸುಮ್ನೆ ಕಳೆದುಹೋದ ವರ್ಷಗಳು ‘ಇಂಟರ್‌ವೀನಿಂಗ್’ ವರ್ಷಗಳು, ಅಲ್ಲಿ ಯಾರೂ ಏನೂ ಮಾಡಿಲ್ಲ, ಕಾಲ ಉರುಳಿದೆ ಅಷ್ಟೇ. ಕನ್ನಡದಲ್ಲಿ ಇವಕ್ಕೆಲ್ಲ ಒಂದೇ ಪದ ಹಾಕಿದರೆ ಓದುವವರಿಗೆ ಅರ್ಥವೇ ಆಗುವುದಿಲ್ಲ. ಹಸ್ತಕ್ಷೇಪ ಬೇರೆ, ಮಧ್ಯಪ್ರವೇಶ ಬೇರೆ, ಮಧ್ಯಸ್ಥಿಕೆ ಬೇರೆ, ಅಡ್ಡ ಬರುವುದು ಬೇರೆ, ತಲೆ ಹಾಕುವುದು ಇನ್ನೂ ಬೇರೆ. ಒಂದೊಂದರಲ್ಲೂ ಒಂದೊಂದು ತೀರ್ಪು ಅಡಗಿದೆ. ‘ಮಧ್ಯಸ್ಥಿಕೆ’ ಅಂದರೆ ಹೊಗಳಿಕೆಯ ಕಡೆಗೆ ವಾಲುತ್ತದೆ, ‘ತಲೆ ಹಾಕಿದ’ ಅಂದರೆ ನೇರವಾಗಿ ಬೈದ ಹಾಗೆ.

ಈಗ ತಾಣಕ್ಕೆ ಬರೋಣ. ಅಲ್ಲಿ ‘ಇಂಟರ್‌ವೀನ್’ ಹಾಕಿದರೆ ಸಿಗುವುದು ಕೆಲವೇ ಸಾಲು. ಆದರೆ ಆ ಸಾಲುಗಳಲ್ಲಿ ಎಷ್ಟೊಂದಿದೆ! ಲ್ಯಾಟಿನ್‌ನ ‘ಇಂಟರ್‌ವೆನೀರೆ’ ಮೂಲ. ‘ಇಂಟರ್’ ಅಂದರೆ ನಡುವೆ, ‘ವೆನೀರೆ’ ಅಂದರೆ ಬರು. ನಡುವೆ ಬರು, ಅಷ್ಟೇ. ಒಳ್ಳೆಯದಕ್ಕೆ ಬಂದರೋ ಕೆಟ್ಟದ್ದಕ್ಕೆ ಬಂದರೋ ಎಂಬುದು ಈ ಎರಡು ತುಂಡುಗಳಲ್ಲಿ ಇಲ್ಲವೇ ಇಲ್ಲ. ಲ್ಯಾಟಿನ್‌ನಲ್ಲೇ ಇದಕ್ಕೆ ಮಾತಿನ ನಡುವೆ ತಡೆಯುವುದು, ದಾರಿಗೆ ಅಡ್ಡ ನಿಲ್ಲುವುದು, ವಿರೋಧಿಸುವುದು ಎಂಬ ಅರ್ಥಗಳೂ ಸೇರಿಕೊಂಡಿದ್ದವು.

ಇಂಗ್ಲಿಷಿಗೆ ಬಂದ ಮೇಲಿನ ಕತೆ ಇನ್ನೂ ಸೊಗಸು. ಬರಹದಲ್ಲಿ ಕ್ರಿಯಾಪದ ಮೊದಲು ಸಿಗುವುದು 1580ರ ದಶಕದಲ್ಲಿ, ಆಗಿನ ಅರ್ಥ ದಾರಿಯಲ್ಲೇ ತಡೆದು ಹಿಡಿಯುವುದು. ಆ ಅರ್ಥ ಈಗ ಸತ್ತುಹೋಗಿದೆ. 1600ರ ಸುಮಾರಿಗೆ ‘ಎರಡು ಘಟನೆಗಳ ನಡುವೆ ಸಂಭವಿಸು’ ಎಂಬ ಅರ್ಥ ಬಂತು, ನಮ್ಮ ಆ ‘ನಡುವಿನ ವರ್ಷಗಳು’ ಇದೇ ಕೊಂಬೆಯವು. ಜಗಳದ ನಡುವೆ ಹೋಗಿ ಮಧ್ಯಸ್ಥಿಕೆ ಮಾಡು, ಕೈ ಹಾಕು ಎನ್ನುವ ಇವತ್ತಿನ ಮುಖ್ಯ ಅರ್ಥ 1640ರ ದಶಕದ್ದು. ಅಂದರೆ ಪೇಪರಿನವರು ದಿನಾ ಬಳಸುವ ಅರ್ಥವೇ ಮೂರರಲ್ಲಿ ಕೊನೆಯದು.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಕ್ರಿಯಾಪದಕ್ಕಿಂತ ‘ಇಂಟರ್‌ವೆನ್ಷನ್’ ಎಂಬ ನಾಮಪದ ಇಂಗ್ಲಿಷಿನಲ್ಲಿ ಹಳೆಯದು, 15ನೇ ಶತಮಾನದ ಶುರುವಿನದು. ಹಾಗಾಗಿ ‘ಟೆಲಿವಿಷನ್’ ಇಂದ ‘ಟೆಲಿವೈಸ್’ ಬಂದಂತೆ, ನಾಮಪದದ ಬಾಲ ಕತ್ತರಿಸಿ ಕ್ರಿಯಾಪದ ಮಾಡಿಕೊಂಡಿರಬಹುದು, ಇಲ್ಲವೇ ಲ್ಯಾಟಿನ್‌ನಿಂದ ನೇರವಾಗಿ ಬಂದಿರಬಹುದು ಎಂದು ತಾಣ ಎರಡೂ ದಾರಿ ಹೇಳಿ ಬಿಡುತ್ತದೆ. ಸುಮ್ನೆ ಒಂದನ್ನು ಆರಿಸಿ ಗೆರೆ ಎಳೆಯುವುದಿಲ್ಲ. ಈ ಪ್ರಾಮಾಣಿಕತೆ ನನಗೆ ಇಷ್ಟ. ಆ ನಾಮಪದದ ಮೊದಲ ಅರ್ಥ ಏನು ಗೊತ್ತಾ? ಇನ್ನೊಬ್ಬರ ಪರವಾಗಿ ದೇವರಲ್ಲಿ ಬೇಡಿಕೊಳ್ಳುವುದು. ಅದರ ಹಿಂದಿನ ಲ್ಯಾಟಿನ್ ಪದಕ್ಕೆ ಜಾಮೀನು ನಿಲ್ಲುವುದು ಎಂಬ ಅರ್ಥವೂ ಇತ್ತು. ಇವತ್ತು ‘ಇಂಟರ್‌ವೆನ್ಷನ್’ ಅಂದ ಕೂಡಲೇ ಟ್ಯಾಂಕು, ಸೈನ್ಯ ಕಣ್ಣಿಗೆ ಬರುತ್ತದೆ. ಶುರುವಾಗಿದ್ದು ಮಾತ್ರ ಯಾರದೋ ಪರವಾಗಿ ಕೈ ಮುಗಿಯುವುದರಿಂದ.

ಇದೆಲ್ಲ ಕೆಲಸಕ್ಕೆ ಹೇಗೆ ಬರುತ್ತದೆ ಅಂತ ಕೇಳಬಹುದು. ಬಂದಿದೆ. ಮಾಟುಂಗದ ಒಬ್ಬ ಹಿರಿಯ ಹೋಟೆಲ್ ಮಾಲೀಕರು ಒಂದು ಫೈಲ್ ಹಿಡಿದುಕೊಂಡು ಬಂದಿದ್ದರು. ಹಳೆ ಕಟ್ಟಡ, ನೆಲಮಹಡಿಯಲ್ಲಿ ಅವರ ಹೋಟೆಲ್, ಪಗಡಿ ಬಾಡಿಗೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಕಡಿಮೆ ಬಾಡಿಗೆಗೆ ಇರುವ ಪದ್ಧತಿ. ಕಟ್ಟಡ ಕೆಡವಿ ಹೊಸದು ಕಟ್ಟುವ ವಿಚಾರದಲ್ಲಿ ಕಟ್ಟಡದ ಮಾಲೀಕನಿಗೂ ಬಿಲ್ಡರ್‌ಗೂ ಜಗಳವಾಗಿ ಕೋರ್ಟಿಗೆ ಹೋಗಿತ್ತು. ಇವರ ವಕೀಲರು ಇವರ ಪರವಾಗಿ ‘ಇಂಟರ್‌ವೆನ್ಷನ್ ಅಪ್ಲಿಕೇಷನ್’ ಹಾಕಿದ್ದರು. ಯಾವುದೋ ಅನುವಾದದ ಕಚೇರಿಯಲ್ಲಿ ಅದಕ್ಕೆ ಕನ್ನಡ ಮಾಡಿಸಿದಾಗ ಮೇಲೆ ದಪ್ಪ ಅಕ್ಷರದಲ್ಲಿ ‘ಹಸ್ತಕ್ಷೇಪ ಅರ್ಜಿ’ ಅಂತ ಬರೆದುಕೊಟ್ಟಿದ್ದಾರೆ. ಅವರಿಗೆ ಮುಖ ಕೆಂಪಾಗಿತ್ತು.

“ಎಂತದಮ್ಮ ಇದು? ಹಸ್ತಕ್ಷೇಪ ಅಂದ್ರೆ ಬೇರೆಯವರ ವಿಷಯಕ್ಕೆ ಕೈ ಹಾಕಿದ ಹಾಗೆ ಅಲ್ವಾ? ನಾನು ಎಲ್ಲಿ ಕೈ ಹಾಕಿದ್ದೇನೆ? ಹೋಟೆಲ್ ನನ್ನದು, ಬಾಡಿಗೆ ಕೊಡುವವ ನಾನು.”

“ಇಲ್ಲ ಶೆಟ್ರೇ, ಕೈ ಹಾಕಿದ್ದು ಅಂತ ಅಲ್ಲ. ಕೇಸು ಅವರಿಬ್ಬರದ್ದು, ಆದರೆ ಅದರಿಂದ ನನಗೂ ಪೆಟ್ಟು ಬೀಳುತ್ತದೆ, ನನ್ನ ಮಾತೂ ಕೇಳಿ ಅಂತ ನೀವು ಕೋರ್ಟನ್ನು ಕೇಳ್ತಾ ಇದ್ದೀರಿ.”

“ಹಾಗೆ ಬರೀರಿ ಮತ್ತೆ. ಊರಲ್ಲಿ ಯಾರಾದ್ರೂ ಓದಿದ್ರೆ ಎಂತ ಗ್ರಹಿಸುವುದು!”

ಅವರು ಹೇಳಿದ್ದು ನೂರಕ್ಕೆ ನೂರು ಸರಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 10ನೇ ನಿಯಮದಲ್ಲಿ, ವ್ಯಾಜ್ಯ ಪೂರ್ತಿಯಾಗಿ ತೀರ್ಮಾನವಾಗಲು ಯಾರು ಇರಬೇಕೋ ಅವರನ್ನು ಪಕ್ಷಕಾರರನ್ನಾಗಿ ಸೇರಿಸಿಕೊಳ್ಳುವ ಅಧಿಕಾರ ಕೋರ್ಟಿಗೆ ಇದೆ. ಅಲ್ಲಿ ನಡುವೆ ಬರುವವನು ಅಡ್ಡ ಬರುವವನಲ್ಲ. ಬಾಗಿಲು ತಟ್ಟಿ, ಒಳಗೆ ಬರಲಾ ಎಂದು ಕೇಳುವವನು. ‘ವ್ಯಾಜ್ಯದಲ್ಲಿ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಕೋರುವ ಅರ್ಜಿ’ ಎಂದು ಬರೆದೆ. ಉದ್ದವಾಯಿತು, ಆಗಲಿ. ನೋಡಿ, ‘ಇಂಟರ್‌ವೆನ್ಷನ್’ ಎಂಬುದರ ಆ ಹಳೆಯ ಬೇಡಿಕೆಯ ಅರ್ಥಕ್ಕೆ ಈ ಕನ್ನಡ ಎಷ್ಟು ಹತ್ತಿರ ಬಂತು!

ಆದರೆ ಕಾನೂನಿನ ಈ ಅರ್ಥ ಬೇಕಿದ್ದರೆ ಎಟಿಮಾಲಜಿ ತಾಣ ಸಾಕಾಗುವುದಿಲ್ಲ, ಅದರ ಕೆಲಸವೂ ಅದಲ್ಲ. ಅದಕ್ಕೆ ಪಕ್ಕದಲ್ಲೇ ಮೆರಿಯಮ್ ವೆಬ್‌ಸ್ಟರ್ ಎಂಬ ಇಂಗ್ಲಿಷ್ ನಿಘಂಟನ್ನು ತೆರೆದಿಟ್ಟುಕೊಳ್ಳಿ. ಇತರರು ಶುರು ಮಾಡಿದ ವ್ಯಾಜ್ಯದಲ್ಲಿ ತನ್ನ ಹಿತ ಕಾಪಾಡಿಕೊಳ್ಳಲು ಮೂರನೆಯವನಾಗಿ ಸೇರುವುದು ಎಂಬ ಅರ್ಥವನ್ನು ಅದು ಬೇರೆ ಮಾಡಿ ಕೊಡುತ್ತದೆ. ಅದರ ಕೆಳಗೇ, ಬಲ ಬಳಸಿ ಅಥವಾ ಬಲದ ಬೆದರಿಕೆ ಒಡ್ಡಿ ಇನ್ನೊಂದು ದೇಶದ ಒಳಗಿನ ವಿಷಯಕ್ಕೆ ಕೈ ಹಾಕುವುದು ಎಂಬ ಅರ್ಥವೂ ಇದೆ. ಒಂದೇ ಅಂಕಿಯ ಅಡಿಯಲ್ಲಿ ಎರಡೂ! ಒಂದು ಅನುಮತಿ ಕೇಳಿ ಬರುವುದು, ಇನ್ನೊಂದು ಕೇಳದೆ ನುಗ್ಗುವುದು. 1945ರ ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 7ನೇ ಕಲಮಿನಲ್ಲಿ ದೇಶಗಳ ಆಂತರಿಕ ವಿಷಯಗಳಲ್ಲಿ ವಿಶ್ವಸಂಸ್ಥೆ ‘ಇಂಟರ್‌ವೀನ್’ ಮಾಡುವಂತಿಲ್ಲ ಎಂದಿದೆಯಲ್ಲ, ಅಲ್ಲಿ ಕಣ್ಣು ಮುಚ್ಚಿ ‘ಹಸ್ತಕ್ಷೇಪ’ ಹಾಕಬಹುದು. ಆ ಪದಕ್ಕೆ ಅದೇ ಸರಿಯಾದ ಜಾಗ. ರಿಸರ್ವ್ ಬ್ಯಾಂಕಿನ ವಿಷಯಕ್ಕೆ ‘ಮಧ್ಯಪ್ರವೇಶ’ ಸಾಕು. ಏರಿಳಿತ ಮಿತಿಮೀರದಂತೆ ನೋಡಿಕೊಳ್ಳುವುದು ಅದರ ಕೆಲಸವೇ ಆಗಿರುವಾಗ ಹಸ್ತಕ್ಷೇಪ ಅಂದರೆ ತಪ್ಪಾಗುತ್ತದೆ.

ಮೆರಿಯಮ್ ವೆಬ್‌ಸ್ಟರ್ ಅರ್ಥಗಳನ್ನು ಹುಟ್ಟಿದ ಕ್ರಮದಲ್ಲಿ ಜೋಡಿಸುತ್ತದೆ, ಹಳೆಯದು ಮೊದಲು. ಇದು ಗೊತ್ತಿಲ್ಲದವರು ಮೊದಲ ಅರ್ಥವೇ ಮುಖ್ಯ ಅರ್ಥ ಎಂದುಕೊಳ್ಳುತ್ತಾರೆ. ಹಾಗಲ್ಲ, ಕೆಳಗಿನವರೆಗೂ ಓದಬೇಕು.

ಈಗ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ. ಎಟಿಮಾಲಜಿ ತಾಣದಲ್ಲಿ ಬೇರಿನ ಮೇಲೆ ಬೆರಳಿಟ್ಟರೆ ಇನ್ನೊಂದು ಪುಟ ತೆರೆಯುತ್ತದೆ. ‘ವೆನೀರೆ’ಯ ಹಿಂದಿನ ಇಂಡೋ-ಯುರೋಪಿಯನ್ (ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಎಲ್ಲಕ್ಕೂ ತಾಯಿಯಾದ ಹಳೆಯ ಭಾಷೆ) ಬೇರು ‘ಗ್ವ’ ಥರದ್ದು. ಅರ್ಥ: ಹೋಗು, ಬರು. ಅದೇ ಬೇರಿನಿಂದ ಇಂಗ್ಲಿಷಿನ ‘ಕಮ್’ ಬಂದಿದೆ. ಅದೇ ಬೇರಿನಿಂದ ಸಂಸ್ಕೃತದ ‘ಗಮ್’ ಬಂದಿದೆ. ಆಗಮನ, ನಿರ್ಗಮನ, ಸಂಗಮ ಅಂತ ನಾವು ದಿನಾ ಆಡುವ ಪದಗಳ ಒಳಗಿರುವ ಗಮ್!

ವೆನೀರೆಗೂ ಗಮ್‌ಗೂ ಎಲ್ಲಿಂದೆಲ್ಲಿಯ ಸಂಬಂಧ ಅನಿಸುತ್ತದೆ ಅಲ್ವಾ? ಉಚ್ಚಾರದಲ್ಲಿ ಏನೂ ಹೋಲಿಕೆ ಇಲ್ಲ. ಆದರೆ ಈ ಬದಲಾವಣೆಗೆ ಒಂದು ಲೆಕ್ಕ ಇದೆ. ಮೂಲದ ‘ಗ್ವ’ ಧ್ವನಿ ಲ್ಯಾಟಿನ್‌ನಲ್ಲಿ ‘ವ’ ಆಗುತ್ತದೆ, ಇಂಗ್ಲಿಷಿನ ಕಡೆ ‘ಕ’ ಅಥವಾ ‘ಕ್ವ’ ಆಗುತ್ತದೆ, ಸಂಸ್ಕೃತದಲ್ಲಿ ‘ಗ’ ಅಥವಾ ‘ಜ’. ನಮ್ಮ ‘ಜೀವ’ ತೆಗೆದುಕೊಳ್ಳಿ. ಅದರ ಲ್ಯಾಟಿನ್ ಜೋಡಿ ‘ವೀವುಸ್’, ಇಂಗ್ಲಿಷ್ ಜೋಡಿ ‘ಕ್ವಿಕ್’. ಕ್ವಿಕ್‌ಗೆ ಮೊದಲು ‘ಜೀವಂತ’ ಎಂಬ ಅರ್ಥವೇ ಇತ್ತು, ಬೇಗ ಎಂಬುದು ಆಮೇಲಿನದು. ‘ಗೋ’ ಮತ್ತು ‘ಕೌ’ ಕೂಡ ಇದೇ ಲೆಕ್ಕ. ಒಮ್ಮೆ ಈ ಸೂತ್ರ ತಲೆಗೆ ಹೋದರೆ ಗಮ್, ಕಮ್, ವೆನೀರೆ ಮೂರೂ ಒಂದೇ ಮನೆಯವು ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ಇನ್ನು ‘ಇಂಟರ್’. ಅದರ ಸಂಸ್ಕೃತದ ಜೋಡಿ ‘ಅಂತರ್’. ಈಗ ಎರಡೂ ತುಂಡು ಸೇರಿಸಿ ನೋಡಿ. ಅಂತರ್ ಮತ್ತು ಗಮ್. ಸಿಗುವುದು ‘ಅಂತರ್ಗತ’! ಬೇರಿಗೆ ಬೇರು ಹೊಂದಿಸಿದರೆ ಇಂಟರ್‌ವೀನ್ ಮತ್ತು ಅಂತರ್ಗತ ಅದೇ ಎರಡು ಬೇರುಗಳಿಂದ ಆದವು. ‘ಗತ’ ಎಂಬ ರೂಪಕ್ಕೆ ಲ್ಯಾಟಿನ್‌ನಲ್ಲಿ ನೇರ ಜೋಡಿ ‘ವೆಂಟುಸ್’, ‘ಇಂಟರ್‌ವೆನ್ಷನ್’ ಒಳಗಿರುವ ‘ವೆನ್’ ಅಲ್ಲಿಂದಲೇ. ಅರ್ಥ ಮಾತ್ರ ಬೇರೆ ಬೇರೆ ದಿಕ್ಕಿಗೆ ಹೋಯಿತು. ಸಂಸ್ಕೃತದ ಅಂತರ್‌ಗೆ ‘ನಡುವೆ’ ಎಂಬುದರ ಜೊತೆ ‘ಒಳಗೆ’ ಎಂಬ ಅರ್ಥವೂ ಇರುವುದರಿಂದ ನಮ್ಮ ಅಂತರ್ಗತ ಒಳಗೆ ಸೇರಿಹೋದದ್ದು, ಅವರ ಇಂಟರ್‌ವೀನ್ ಹೊರಗಿನಿಂದ ನಡುವೆ ಬಂದದ್ದು. ಠಾಣೆ ದಾಟುವಷ್ಟರಲ್ಲಿ ಇದನ್ನು ಪಕ್ಕದಲ್ಲಿ ಕೂತ ಗೆಳತಿಗೆ ಹೇಳದೆ ಇರಲು ಆಗಲಿಲ್ಲ.

1786ರಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಣ ಮಾಡಿದ್ದನ್ನು ಪಠ್ಯದಲ್ಲಿ ಓದಿರುತ್ತೇವೆ. ಓದಿ ಪರೀಕ್ಷೆ ಬರೆದು ಮರೆತಿರುತ್ತೇವೆ. ಆ ಮಾತಿನ ಅರ್ಥ ಹೀಗೆ ಒಂದು ಪದವನ್ನು ಬಿಚ್ಚಿ ನೋಡಿದಾಗ ಕೈಗೆ ಸಿಗುತ್ತದೆ.

ಒಂದು ಎಚ್ಚರಿಕೆ. ಹೋಲುವುದೆಲ್ಲ ನೆಂಟಸ್ತಿಕೆ ಅಲ್ಲ. ‘ಕನ್ವೀನ್’ ಅಂದರೆ ಒಟ್ಟಿಗೆ ಬರು, ನಮ್ಮ ‘ಸಂಗಮ’ವೂ ಒಟ್ಟಿಗೆ ಬರುವುದೇ. ಆದರೆ ‘ಕನ್’ ಮತ್ತು ‘ಸಂ’ ಒಂದೇ ಬೇರಿನವಲ್ಲ. ಹಿಂದಿನ ಅರ್ಧ ಮಾತ್ರ ನೆಂಟರು. ಇಂಥ ಕಡೆ ತಾಣದ ಪುಟವನ್ನು ಪೂರ್ತಿ ಓದಬೇಕು, ಅರ್ಧ ಓದಿ ವಾಟ್ಸಾಪ್‌ಗೆ ಹಾಕಬಾರದು. ಬೇರಿನ ಮುಂದೆ ನಕ್ಷತ್ರದ ಗುರುತು ಇರುತ್ತದೆ, ಅದನ್ನೂ ಗಮನಿಸಿ. ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಅದರಿಂದ ಹುಟ್ಟಿದ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಕಟ್ಟಿಕೊಂಡ ತಾಯಿ ರೂಪ ಎಂದರ್ಥ. ಹಾಗೆಯೇ 1580ರ ದಶಕ ಅಂದರೆ ಪದ ಅಂದೇ ಹುಟ್ಟಿತು ಅಂತಲ್ಲ. ಬರಹದಲ್ಲಿ ಸಿಕ್ಕ ಮೊದಲ ದಾಖಲೆ ಆ ಸುಮಾರಿನದು, ಜನರ ಬಾಯಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು.

ವೆನೀರೆಯ ಉಳಿದ ಮಕ್ಕಳನ್ನು ನೀವೇ ನೋಡಿಕೊಳ್ಳಿ, ಸಂಜೆಯೊಂದು ಹೋಗಿದ್ದೇ ಗೊತ್ತಾಗುವುದಿಲ್ಲ. ‘ರೆವೆನ್ಯೂ’ ತಿರುಗಿ ಬಂದದ್ದು, ‘ಅವೆನ್ಯೂ’ ಬರುವ ದಾರಿ, ‘ಸುವೆನೀರ್’ ಮನಸ್ಸಿಗೆ ಬರುವುದು. ‘ಪ್ರಿವೆಂಟ್’ ಅಂದರೆ ಮೊದಲೇ ಬರು. ಮುಂಚೆ ಬಂದು ನಿಂತರೆ ತಡೆದಂತೆಯೇ ತಾನೇ, ಹೀಗೆ ತಡೆಯುವ ಅರ್ಥ ಬಂತು.

ಅನುವಾದ ಮಾಡುವವರು ಮಾತ್ರ ಇನ್ನೊಂದು ಗುಂಪನ್ನು ಬಿಡದೆ ನೋಡಬೇಕು. ‘ಇಂಟರ್’ ಹಚ್ಚಿಕೊಂಡ ನೆರೆಹೊರೆಯವರು. ‘ಇಂಟರ್‌ಪೋಸ್’ ನಡುವೆ ಇಡುವುದು. ‘ಇಂಟರ್‌ಸೀಡ್’ ನಡುವೆ ಹೋಗುವುದು, ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರ ಬಳಿ ಬೇಡಿಕೊಳ್ಳುವುದು. ‘ಇಂಟರ್‌ಫಿಯರ್’ ಇದೆಯಲ್ಲ, ಅದರ ಹುಟ್ಟು ನೋಡಿ ನನಗೆ ಆಶ್ಚರ್ಯವಾಯಿತು. ಹಳೆ ಫ್ರೆಂಚಿನಲ್ಲಿ ಅದು ಒಬ್ಬರಿಗೊಬ್ಬರು ಹೊಡೆದುಕೊಳ್ಳುವುದು. ಇಂಗ್ಲಿಷಿನಲ್ಲಿ ಕುದುರೆಗೆ ಹೇಳುತ್ತಿದ್ದ ಮಾತು. ಓಡುವಾಗ ಒಂದು ಕಾಲಿನ ಗೊರಸು ಇನ್ನೊಂದು ಕಾಲಿಗೆ ತಾಗಿ ಗಾಯವಾದರೆ ಆ ಕುದುರೆ ಇಂಟರ್‌ಫಿಯರ್ ಆಗುತ್ತಿದೆ ಎನ್ನುತ್ತಿದ್ದರು. ಗೊರಸು ತಾಗಿ ಮುಗ್ಗರಿಸುವ ಕುದುರೆಯ ಚಿತ್ರ ಮನಸ್ಸಿನಲ್ಲಿ ಇಟ್ಟುಕೊಂಡರೆ, ಇಂಟರ್‌ವೀನ್ ಮತ್ತು ಇಂಟರ್‌ಫಿಯರ್ ನಡುವಿನ ವ್ಯತ್ಯಾಸ ಯಾವತ್ತೂ ತಪ್ಪುವುದಿಲ್ಲ. ಒಂದು ಬರುವುದು, ಇನ್ನೊಂದು ಹೊಡೆಯುವುದು. ಇಂಗ್ಲಿಷಿನವರು ‘ಪ್ಲೀಸ್ ಇಂಟರ್‌ವೀನ್’ ಅಂತ ಕೇಳಿಕೊಳ್ಳುತ್ತಾರೆ, ‘ಪ್ಲೀಸ್ ಇಂಟರ್‌ಫಿಯರ್’ ಅಂತ ಯಾರೂ ಅನ್ನುವುದಿಲ್ಲ. ಕನ್ನಡದ ‘ಹಸ್ತಕ್ಷೇಪ’ ಬಹುಪಾಲು ಈ ಎರಡನೆಯದಕ್ಕೇ ಸಲ್ಲಬೇಕಾದ ಪದ. ಇಬ್ಬರಿಗೂ ಅದನ್ನೇ ಹಂಚಿದ್ದರಿಂದ ಶೆಟ್ಟರಿಗೆ ಬೇಜಾರಾಗಿದ್ದು.

ಮರಾಠಿಯಲ್ಲಿ ಇದಕ್ಕೆ ‘ಮಧ್ಯೇ ಪಡಣೆ’ ಅನ್ನುತ್ತಾರೆ, ನಡುವೆ ಬೀಳುವುದು. ನಮ್ಮ ಕಡೆಯ ಮಕ್ಕಳು ಇಲ್ಲಿ ಬೆಳೆದು ಮನೆಯಲ್ಲಿ ‘ನೀನು ಮಧ್ಯೆ ಬೀಳ್ಬೇಡ’ ಅಂದರೆ ಅಜ್ಜಿಯರು ತಿದ್ದುವುದನ್ನು ಕೇಳಿದ್ದೇನೆ. ನನಗೆ ಆ ಬೀಳುವುದೂ ಇಷ್ಟ. ಮುಂಬೈ ಕನ್ನಡಕ್ಕೆ ಅದು ಇಲ್ಲಿಯ ನೆಲ ಕೊಟ್ಟದ್ದು.

ಯಾರಿಗೆ ಈ ತಾಣ ಬೇಡ? ಪದದ ಅರ್ಥ ಮಾತ್ರ ಬೇಕು, ವಾಕ್ಯದಲ್ಲಿ ಬಳಸುವುದು ಕಲಿಯಬೇಕು, ಉಚ್ಚಾರ ಕೇಳಬೇಕು ಎನ್ನುವವರಿಗೆ ಬೇಡ. ಅವರಿಗೆ ಕಲಿಕೆಯ ನಿಘಂಟುಗಳೇ ಸರಿ. ವಿವರಣೆ ಎಲ್ಲ ಇಂಗ್ಲಿಷಿನಲ್ಲೇ ಇದೆ, ಸಂಕ್ಷೇಪಗಳು ಜಾಸ್ತಿ, ಹೊಸಬರಿಗೆ ಮೊದಲ ಕೆಲವು ಪುಟ ಒಗ್ಗುವುದಿಲ್ಲ. ಬಳಕೆಯ ಉದಾಹರಣೆಗಳನ್ನು ಶತಮಾನಗಳ ಉದ್ದಕ್ಕೂ ನೋಡಬೇಕೆಂದರೆ ಆಕ್ಸ್‌ಫರ್ಡಿನ ದೊಡ್ಡ ನಿಘಂಟಿಗೇ ಹೋಗಬೇಕು. 1884ರಲ್ಲಿ ಮೊದಲ ಕಂತು ಹೊರಬಂದು 1928ರಲ್ಲಿ ಮುಗಿದ ಆ ಕೆಲಸಕ್ಕೆ ಸಾಟಿ ಇಲ್ಲ. ಆದರೆ ಅದಕ್ಕೆ ಚಂದಾ ಬೇಕು. ಕಾಲೇಜು ಮಕ್ಕಳಿಗೆ, ಅನುವಾದಕರಿಗೆ, ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ, ಕಾನೂನು ಓದುವವರಿಗೆ ಈ ಉಚಿತ ತಾಣ ಕಣ್ಣು ಮುಚ್ಚಿ ಹೇಳಬಹುದು.

ಇದು ತೋರಿಸುವುದು ಇಂಗ್ಲಿಷಿನ ಬೇರು, ಅದರ ಜೊತೆಗೆ ಬಂದ ಸಂಸ್ಕೃತದ ಬೇರು. ಅಚ್ಚ ಕನ್ನಡದ ‘ನಡು’, ‘ಬರು’ ಇದರಲ್ಲಿ ಸಿಗುವುದಿಲ್ಲ, ಅವು ದ್ರಾವಿಡದವು. ಅವಕ್ಕೆ ಥಾಮಸ್ ಬರೋ ಮತ್ತು ಮರ್ರೆ ಎಮಿನೋ ಎಂಬ ಇಬ್ಬರು ವಿದ್ವಾಂಸರು ಸೇರಿ ಮಾಡಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ಇದೆ. 1961ರಲ್ಲಿ ಮೊದಲು ಬಂದು 1984ರಲ್ಲಿ ಪರಿಷ್ಕಾರವಾಯಿತು. ಷಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ತಾಣದಲ್ಲಿ ಅದೂ ಉಚಿತವಾಗಿ ಸಿಗುತ್ತದೆ. ನಮ್ಮ ‘ಬರು’ ತಮಿಳಿನ ‘ವರು’ ಜೊತೆ ಹೇಗೆ ಕೂರುತ್ತದೆ, ‘ನಡು’ ತುಳು, ಮಲಯಾಳಂ, ತೆಲುಗಿನಲ್ಲಿ ಯಾವ ಯಾವ ವೇಷದಲ್ಲಿದೆ ಅಂತ ಅಲ್ಲಿ ನೋಡಬಹುದು. ಅದರಲ್ಲಿ ಕನ್ನಡ ಲಿಪಿ ಇಲ್ಲ, ರೋಮನ್ ಅಕ್ಷರದ ಮೇಲೆ ಕೆಳಗೆ ಗುರುತುಗಳಿರುತ್ತವೆ, ಅದನ್ನು ಟೈಪ್ ಮಾಡುವ ಬಗೆ ತಾಣದಲ್ಲೇ ನೋಡಿಕೊಂಡು ಹುಡುಕಿ.